ಬ್ಯಾಕಪ್ ಓಡುವಾಗ ವಿಎಂ ಕಲ್ಲಾಗಿ ಕೂರುತ್ತಿದೆ, ಡಿಸ್ಕೂ ತುಂಬುತ್ತಿದೆ. ಮನೆಯ ಪ್ರಾಕ್ಸ್‌ಮಾಕ್ಸ್‌ಗೆ ಯಾವ ದಾರಿ ಹಿಡಿಯಲಿ?

ಕ್ಯಾತ್ಸಂದ್ರ ತಟ್ಟೆಇಡ್ಲಿ

ಎಲ್ಲರಿಗೂ ನಮಸ್ಕಾರ. ತುಮಕೂರಿನ ಮನೆಯಲ್ಲಿ ಮೆಟ್ಟಿಲ ಕೆಳಗೆ ಒಂದು ಹಳೇ ಆಫೀಸ್ ಡೆಸ್ಕ್‌ಟಾಪ್ ಇಟ್ಟುಕೊಂಡು ಪ್ರಾಕ್ಸ್‌ಮಾಕ್ಸ್ 8 ಓಡಿಸುತ್ತಿದ್ದೇನೆ, ಒಂದೇ ಯಂತ್ರದೊಳಗೆ ಹಲವು ವರ್ಚುವಲ್ ಕಂಪ್ಯೂಟರ್ (ವಿಎಂ) ನಡೆಸುವ ಸಾಫ್ಟ್‌ವೇರ್ ಅದು. 32 ಜಿಬಿ ರ್ಯಾಮ್, ಇರೋದೊಂದೇ 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ. ಮೂರು ವಿಎಂ ಇವೆ. ಒಂದು ಹೋಮ್ ಅಸಿಸ್ಟೆಂಟ್. ಲೈಟು, ಸಂಪ್ ಮೋಟರ್ ಎಲ್ಲ ಅದರ ಕೈಯಲ್ಲಿ. ಇನ್ನೊಂದು ವಿಂಡೋಸ್, ಅಪ್ಪನ ಅಡಿಕೆ ಮಂಡಿ ಲೆಕ್ಕದ್ದು. ಮೂರನೆಯದು ಮನೆಯವರೆಲ್ಲರ ಫೋಟೊ, 410 ಜಿಬಿ.

ದಿನಾ ರಾತ್ರಿ 2 ಗಂಟೆಗೆ ಮೂರನ್ನೂ ಪ್ರಾಕ್ಸ್‌ಮಾಕ್ಸ್‌ನದೇ ಬ್ಯಾಕಪ್ ಟೂಲ್ ವಿಝಡ್‌ಡಂಪ್‌ನಿಂದ ಒಂದು 2 ಟಿಬಿ ಯುಎಸ್‌ಬಿ ಡಿಸ್ಕ್‌ಗೆ ಹಾಕುತ್ತೇನೆ, ಸ್ನ್ಯಾಪ್‌ಶಾಟ್ ಮೋಡ್‌ನಲ್ಲಿ, ಅಂದರೆ ವಿಎಂ ಓಡುತ್ತಿರುವಾಗಲೇ. ಫೋಟೊ ವಿಎಂ ಒಂದಕ್ಕೇ ಮೂರೂವರೆ ಗಂಟೆ ಹಿಡಿಯುತ್ತದೆ. ಆ ಹೊತ್ತಿನಲ್ಲಿ ಯಾರದಾದರೂ ಫೋನಿನಿಂದ ಫೋಟೊ ಅಪ್‌ಲೋಡ್ ಆದರೆ ಮುಗಿಯಿತು, ವಿಎಂ ಅಲ್ಲಾಡುವುದಿಲ್ಲ. ಟಾಸ್ಕ್ 120 ಸೆಕೆಂಡಿಗಿಂತ ಜಾಸ್ತಿ ಬ್ಲಾಕ್ ಆಗಿದೆ ಅಂತ ಕನ್ಸೋಲ್‌ನಲ್ಲಿ ಸಾಲು ಸಾಲು ಮೆಸೇಜು. ಇಷ್ಟು ಸಾಲದು ಅಂತ ನಾಲ್ಕು ದಿನಕ್ಕೆ ಡಿಸ್ಕ್ ಫುಲ್. ಜೆಪೆಗ್ ಮೇಲೆ ಏನು ಕಂಪ್ರೆಸ್ ಮಾಡಿದರೂ ಉಳಿತಾಯ ಅಷ್ಟಕ್ಕಷ್ಟೇ.

ಬೇಸತ್ತು ಹೋಗಿದ್ದೇನೆ. ಇದನ್ನೆಲ್ಲ ಬಿಟ್ಟು ಸುಮ್ನೆ ಸ್ನ್ಯಾಪ್‌ಶಾಟ್ (ಆ ಕ್ಷಣದಲ್ಲಿ ವಿಎಂ ಹೇಗಿದೆಯೋ ಅದರ ಗುರುತು) ಇಟ್ಟುಕೊಂಡರೆ ಸಾಕಲ್ವಾ? ಸೆಕೆಂಡಿನಲ್ಲಿ ಮುಗಿಯುತ್ತದೆ. ಅಪ್‌ಡೇಟ್‌ಗೆ ಮುಂಚೆ ತೆಗೆದಿಟ್ಟ ಏಳೆಂಟು ಈಗಾಗಲೇ ಇವೆ.

ಮಾಲೂರು ಹೆಂಚು

ಸ್ನ್ಯಾಪ್‌ಶಾಟ್ ಕೂತಿರೋದು ಅದೇ ಎನ್‌ವಿಎಂಇ ಮೇಲೆ. ಅದು ಸತ್ತರೆ ಇವೂ ಸತ್ತಂತೆ. ಅಪ್‌ಡೇಟ್ ಕೈಕೊಟ್ಟಾಗ ಹತ್ತು ನಿಮಿಷ ಹಿಂದಕ್ಕೆ ಹೋಗೋಕೆ ಸರಿ, ಅಷ್ಟೇ.

ಎರಡು ವಿಷಯ ನೋಡಿ ಹೇಳಿ. ಹೋಸ್ಟ್‌ನಲ್ಲಿ (ವಿಎಂಗಳನ್ನು ಹೊತ್ತ ಆ ಡೆಸ್ಕ್‌ಟಾಪ್‌ನಲ್ಲಿ) ‘ಎಲ್‌ಎಸ್‌ಯುಎಸ್‌ಬಿ -ಟಿ’ ಕೊಟ್ಟರೆ ಡಿಸ್ಕ್ ಮುಂದೆ 5000ಎಂ (ಯುಎಸ್‌ಬಿ 3) ಅಂತಿದೆಯಾ, 480ಎಂ (ಯುಎಸ್‌ಬಿ 2) ಅಂತಿದೆಯಾ? 410 ಜಿಬಿಗೆ ಮೂರೂವರೆ ಗಂಟೆ ಅಂದರೆ ಸೆಕೆಂಡಿಗೆ 33 ಎಂಬಿ ಆಸುಪಾಸು. ನನಗೆ ಯುಎಸ್‌ಬಿ 2ರ ವಾಸನೆ ಹೊಡೆಯುತ್ತಿದೆ. ಆಮೇಲೆ ‘ಎಲ್‌ವಿಎಸ್’ ಕೊಟ್ಟು ಥಿನ್ ಪೂಲ್ (ವಿಎಂ ಡಿಸ್ಕ್‌ಗಳೆಲ್ಲ ಹಂಚಿಕೊಳ್ಳುವ ಜಾಗ) ಶೇಕಡಾ ಎಷ್ಟು ತುಂಬಿದೆ ನೋಡಿ.

ಕ್ಯಾತ್ಸಂದ್ರ ತಟ್ಟೆಇಡ್ಲಿ

ಮಾನ ಹೋಯಿತು. 480ಎಂ! ಹಿಂದುಗಡೆ ಧೂಳಿನಲ್ಲಿ ಕೈಗೆ ಸಿಕ್ಕ ಕಪ್ಪು ಪೋರ್ಟ್‌ಗೆ ಚುಚ್ಚಿದ್ದೆ. ನೀಲಿ ಪೋರ್ಟ್‌ನಲ್ಲಿ ಕೀಬೋರ್ಡ್ ಹಾಯಾಗಿ ಕೂತಿತ್ತು. ಅದಲು ಬದಲು ಮಾಡಿದ ಮೇಲೆ ಒಂದೂಕಾಲು ಗಂಟೆಗೆ ಇಳಿದಿದೆ. ಆದರೆ ವಿಎಂ ಈಗಲೂ ಆಗಾಗ ತಡವರಿಸುತ್ತದೆ. ಥಿನ್ ಪೂಲ್ ಶೇ. 91.

ಮಾಲೂರು ಹೆಂಚು

91 ಅಂದರೆ ಬ್ಯಾಕಪ್ ಮಾತು ಆಮೇಲೆ. ಪೂಲ್ ನೂರು ಮುಟ್ಟಿದರೆ ವಿಎಂಗಳು ಬರೆಯಲಾಗದೆ ಐಓ ಎರರ್ ಕೊಟ್ಟು ನಿಲ್ಲುತ್ತವೆ. ಮೊದಲು ಆ ಹಳೇ ಸ್ನ್ಯಾಪ್‌ಶಾಟ್‌ಗಳನ್ನು ಅಳಿಸಿ. ವಿಎಂ ಡಿಸ್ಕ್‌ಗೆ ಡಿಸ್ಕಾರ್ಡ್ ಟಿಕ್ ಮಾಡಿ, ವಿಎಂ ಆಫ್ ಮಾಡಿ ಆನ್ ಮಾಡಿ, ಒಳಗೆ ‘ಎಫ್‌ಎಸ್‌ಟ್ರಿಮ್ -ಎವಿ’ ಓಡಿಸಿ, ಅಳಿಸಿದ ಫೈಲುಗಳ ಜಾಗ ಪೂಲ್‌ಗೆ ವಾಪಸಾಗುತ್ತದೆ. ಇದೇ ಕ್ರಮ. ಸ್ನ್ಯಾಪ್‌ಶಾಟ್ ಹಿಡಿದುಕೊಂಡಿರುವ ಬ್ಲಾಕ್‌ಗಳನ್ನು ಟ್ರಿಮ್ ಬಿಡಿಸಲಾರದು.

ಇನ್ನು ತಡವರಿಕೆ. ಅಪ್ಪನ ಮಂಡಿಯ ಖಾತೆ ಪುಸ್ತಕವನ್ನು ಒಬ್ಬ ಗುಮಾಸ್ತ ನಕಲು ಮಾಡುತ್ತಿದ್ದಾನೆ ಅಂದುಕೊಳ್ಳಿ. ಅವನಿನ್ನೂ 40ನೇ ಪುಟದಲ್ಲಿದ್ದಾನೆ. ನಿಮಗೆ 200ನೇ ಪುಟದಲ್ಲಿ ಏನೋ ತಿದ್ದಬೇಕು. ‘ತಾಳಿ ಸ್ವಾಮಿ, ಮೊದಲು ಈ ಪುಟ ಇದ್ದ ಹಾಗೇ ಬರೆದುಕೊಳ್ತೀನಿ’ ಅಂತಾನೆ. ಅವನ ಕೈ ನಿಧಾನವಾದಷ್ಟೂ ನೀವು ಪೆನ್ನು ಹಿಡಿದು ಕಾಯಬೇಕು. ಸ್ನ್ಯಾಪ್‌ಶಾಟ್ ಮೋಡ್ ಹೀಗೇ ನಡೆಯುತ್ತದೆ. ಬ್ಯಾಕಪ್ ಆಗದ ಬ್ಲಾಕ್ ಮೇಲೆ ವಿಎಂ ಬರೆಯಲು ಹೋದರೆ ಹಳೆಯ ಬ್ಲಾಕ್ ಮೊದಲು ಯುಎಸ್‌ಬಿ ಡಿಸ್ಕ್‌ಗೆ ಹೋಗಬೇಕು. ನಿಮ್ಮ ವಿಎಂ ಕಾಯುತ್ತಿದ್ದದ್ದು ಆ ಕಪ್ಪು ಪೋರ್ಟ್‌ಗಾಗಿ.

ಇದಕ್ಕೇ ಪ್ರಾಕ್ಸ್‌ಮಾಕ್ಸ್ 8.2ರಲ್ಲಿ ಫ್ಲೀಸಿಂಗ್ ಬಂತು. ಹಳೆಯ ಬ್ಲಾಕ್ ಅನ್ನು ಸದ್ಯಕ್ಕೆ ಎನ್‌ವಿಎಂಇ ಮೇಲೇ ಒಂದು ಚೀಟಿಯಲ್ಲಿ ಬರೆದಿಟ್ಟು, ಗುಮಾಸ್ತ ಬಿಡುವಾದಾಗ ಅಲ್ಲಿಂದ ನಕಲು ಮಾಡಿಕೊಳ್ಳುತ್ತಾನೆ. ಬ್ಯಾಕಪ್ ಜಾಬ್‌ನ ಅಡ್ವಾನ್ಸ್ಡ್ ಟ್ಯಾಬ್‌ನಲ್ಲಿದೆ. ಆದರೆ ಆ ಚೀಟಿಗೂ ಪೂಲ್‌ನಲ್ಲೇ ಜಾಗ ಬೇಕು. 91ರಲ್ಲಿ ಆನ್ ಮಾಡಬೇಡಿ, ಕೈ ಮುಗೀತೀನಿ.

ಡಿಸ್ಕ್ ತುಂಬೋದಕ್ಕೆ ಮದ್ದು ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ಸರ್ವರ್ (ಪಿಬಿಎಸ್). ವಿಝಡ್‌ಡಂಪ್ ದಿನಾ ಪೂರ್ತಿ 410 ಜಿಬಿ ಬರೆಯುತ್ತದೆ. ಪಿಬಿಎಸ್ ವಿಎಂ ಡಿಸ್ಕ್ ಅನ್ನು 4 ಎಂಬಿ ತುಂಡುಗಳಾಗಿ ನೋಡಿ, ಹೊಸ ತುಂಡನ್ನು ಮಾತ್ರ ಇಟ್ಟುಕೊಳ್ಳುತ್ತದೆ. ವಿಎಂ ಆಫ್ ಆಗದೆ ಓಡುತ್ತಿದ್ದರೆ ಯಾವುದು ಬದಲಾಯಿತು ಅನ್ನೋದು ಮೊದಲೇ ಗೊತ್ತಿರುತ್ತದೆ, ನಿಮಿಷಗಳಲ್ಲಿ ಮುಗಿಯುತ್ತದೆ. ಕರೆಂಟ್ ಹೋಗಿ ಹೋಸ್ಟ್ ಬಿದ್ದರೆ ಆ ಗುರುತು ಅಳಿಸಿಹೋಗುತ್ತದೆ. ಆಗ ಒಂದು ಸಲ ಇಡೀ ಡಿಸ್ಕ್ ಓದುತ್ತದೆ. ಬರೆಯೋದು ಮಾತ್ರ ಹೊಸತನ್ನೇ. ನಮ್ಮ ಕಡೆ ಬೇಸಿಗೆಯಲ್ಲಿ ಇದನ್ನು ಜಾಸ್ತಿ ನೋಡುತ್ತೀರಿ.

ಹಳೇ ಲ್ಯಾಪ್‌ಟಾಪ್ ಇದ್ದರೆ ಒಂದು ಎಸ್‌ಎಸ್‌ಡಿ ಹಾಕಿ ಅದರಲ್ಲಿ ನಿಲ್ಲಿಸಿ. ಅದೇ ಹೋಸ್ಟ್‌ನಲ್ಲಿ ಇನ್ನೊಂದು ವಿಎಂ ಮಾಡಿ ಅದರೊಳಗೆ ಪಿಬಿಎಸ್ ಇಡೋದು ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟ ಹಾಗೆ.

ಶಿಡ್ಲಘಟ್ಟ ಗೂಡು

ಮೂರು ವಿಎಂಗೆ ಪಿಬಿಎಸ್ ಅತಿಯಾಯಿತು ಅನಿಸುತ್ತೆ ನನಗೆ. ಫೋಟೊಗಳನ್ನು ಬೇರೆ ವರ್ಚುವಲ್ ಡಿಸ್ಕ್‌ಗೆ ಹಾಕಿ, ಆ ಡಿಸ್ಕ್‌ನ ಬ್ಯಾಕಪ್ ಟಿಕ್ ತೆಗೆದುಬಿಡಿ. ವಿಎಂ ಇಮೇಜ್ 20 ಜಿಬಿಗೆ ಇಳಿಯುತ್ತದೆ. ಫೋಟೊಗೆ ವಿಎಂ ಒಳಗಿನಿಂದಲೇ ಫೈಲ್ ಬ್ಯಾಕಪ್ ಮಾಡುವ ರೆಸ್ಟಿಕ್ ಟೂಲ್ ಸಾಕು. ನಾಲ್ಕು ವರ್ಷದಿಂದ ನಾನು ಹೀಗೇ ಮಾಡುತ್ತಿದ್ದೇನೆ.

ವಿಂಡೋಸ್ ಬಗ್ಗೆ ಯಾರೂ ಮಾತೇ ಎತ್ತಲಿಲ್ಲ. ಅದರಲ್ಲಿ ಕ್ಯೂಇಎಂಯು ಗೆಸ್ಟ್ ಏಜೆಂಟ್ (ಬ್ಯಾಕಪ್‌ಗೆ ಮುಂಚೆ ಡಿಸ್ಕ್‌ಗೆ ಬರೆಯೋದನ್ನು ಕ್ಷಣಕಾಲ ನಿಲ್ಲಿಸುವ ಪ್ರೋಗ್ರಾಂ) ಇದೆಯಾ? ಇಲ್ಲದಿದ್ದರೆ ನಿಮ್ಮ ಬ್ಯಾಕಪ್ ಅಂದರೆ ಆ ಕ್ಷಣದಲ್ಲಿ ಪ್ಲಗ್ ಕಿತ್ತಾಗ ಡಿಸ್ಕ್ ಹೇಗಿರುತ್ತೋ ಹಾಗೆ. ಲೆಕ್ಕದ ಡೇಟಾಬೇಸ್ ಹಾಗೆ ಎದ್ದು ಬರಬಹುದು, ಬರದೆಯೂ ಇರಬಹುದು. ಏಜೆಂಟ್ ಹಾಕಿ. ಜೊತೆಗೆ ಆ ಸಾಫ್ಟ್‌ವೇರ್‌ನದೇ ಬ್ಯಾಕಪ್ ಬಟನ್ ಇರುತ್ತಲ್ಲ, ಅದನ್ನೂ ದಿನಾ ಒತ್ತಲು ಅಪ್ಪನಿಗೆ ಹೇಳಿ.

ಮಾಲೂರು ಹೆಂಚು

ಟಿಕ್ ತೆಗೆಯೋದರಲ್ಲಿ ನನಗೊಂದೇ ಭಯ. ಆರು ತಿಂಗಳಾದ ಮೇಲೆ ರೆಸ್ಟಿಕ್ ನಿಂತುಹೋದದ್ದು ಯಾರಿಗೂ ಗೊತ್ತಾಗುವುದಿಲ್ಲ. ಜಾಬ್ ಮಾತ್ರ ದಿನಾ ಹಸಿರು ತೋರಿಸುತ್ತಿರುತ್ತದೆ. ಫೋಟೊ ಒಂದು ಸಲ ಬಂದರೆ ಬದಲಾಗುವುದೇ ಇಲ್ಲ, ಪಿಬಿಎಸ್‌ಗೆ ಅದು ಭಾರವಲ್ಲ. ಒಂದೇ ಒಂದು ಫೈಲ್ ಬೇಕಾದರೂ ವೆಬ್ ಪುಟದಿಂದಲೇ ಎತ್ತಿಕೊಳ್ಳಬಹುದು. ವಿಂಡೋಸ್ ಮಾತು ನೂರಕ್ಕೆ ನೂರು ಸರಿ, ನನಗೆ ಹೊಳೆಯಲೇ ಇಲ್ಲ.

ಕ್ಯಾತ್ಸಂದ್ರ ತಟ್ಟೆಇಡ್ಲಿ

ಮೂರು ವಾರದ ವರದಿ. ಸ್ನ್ಯಾಪ್‌ಶಾಟ್ ಅಳಿಸಿ ಟ್ರಿಮ್ ಮಾಡಿದ ಮೇಲೆ ಪೂಲ್ 63ಕ್ಕೆ ಇಳಿಯಿತು. ಫ್ಲೀಸಿಂಗ್ ಆನ್, ಆಮೇಲೆ ಒಂದು ಸಲವೂ ವಿಎಂ ನಿಂತಿಲ್ಲ. ತಂಗಿಯ ಹಳೇ ಲ್ಯಾಪ್‌ಟಾಪ್‌ಗೆ 1 ಟಿಬಿ ಎಸ್‌ಎಸ್‌ಡಿ ಹಾಕಿ ಪಿಬಿಎಸ್ ಕೂರಿಸಿದೆ. ಮೊದಲ ರಾತ್ರಿ ಎರಡು ಗಂಟೆ, ಈಗ ಮೂರೂ ಸೇರಿ ಆರೇಳು ನಿಮಿಷ. ಹಳೆಯ ಬ್ಯಾಕಪ್ ಪ್ರೂನ್ ಆದರೂ (ಪಟ್ಟಿಯಿಂದ ತೆಗೆದುಹಾಕಿದರೂ) ಜಾಗ ವಾಪಸ್ ಬರಲಿಲ್ಲ ಅಂತ ಗಾಬರಿಯಾಗಿದ್ದೆ. ಬೇಡದ ತುಂಡುಗಳನ್ನು ಗುಡಿಸುವ ಗಾರ್ಬೇಜ್ ಕಲೆಕ್ಷನ್ ಬೇರೆಯೇ ಓಡಿಸಬೇಕಂತೆ, ಅದೂ ಒಂದು ದಿನ ಕಾದೇ ಬಿಡುವುದಂತೆ.

ಬ್ಯಾಕಪ್ ತೆರೆಯಲು ಬೇಕಾದ ಎನ್‌ಕ್ರಿಪ್ಶನ್ ಕೀ ಪ್ರಿಂಟ್ ತೆಗೆದು ಅಪ್ಪನ ಹಳೇ ಖಾತೆ ಪುಸ್ತಕದಲ್ಲಿಟ್ಟಿದ್ದೇನೆ. ಯುಎಸ್‌ಬಿ ಡಿಸ್ಕ್‌ಗೆ ತಿಂಗಳಿಗೊಂದು ಪೂರ್ತಿ ವಿಝಡ್‌ಡಂಪ್. ಅದು ಗುಬ್ಬಿಯ ಮಾವನ ಮನೆಯಲ್ಲಿರುತ್ತದೆ. ಪ್ರಾಕ್ಸ್‌ಮಾಕ್ಸ್‌ನ ಸೆಟ್ಟಿಂಗ್‌ಗಳಿರುವ ಇಟಿಸಿ-ಪಿವಿಇ ಫೋಲ್ಡರ್ ವಿಎಂ ಬ್ಯಾಕಪ್‌ನಲ್ಲಿ ಬರುವುದಿಲ್ಲವಲ್ಲ, ಅದನ್ನೂ ನೆಟ್‌ವರ್ಕ್ ಸೆಟ್ಟಿಂಗನ್ನೂ ಜೊತೆಗೆ ಹಾಕಿದೆ.

ಹೋದ ಶನಿವಾರ ರಾತ್ರಿ ರಿಸ್ಟೋರ್ ಮಾಡಿ ನೋಡೋಣ ಅಂತ ಹೋಮ್ ಅಸಿಸ್ಟೆಂಟನ್ನು 901 ಅಂತ ಹೊಸ ನಂಬರ್‌ಗೆ ಎಬ್ಬಿಸಿದೆ. ನಾಲ್ಕೇ ನಿಮಿಷಕ್ಕೆ ಬಂತು. ಖುಷಿಯಲ್ಲಿ ಹಾಗೇ ಬಿಟ್ಟು ಮಲಗಿದೆ. ಮೋಟರ್ ಟೈಮನ್ನು ನಾನು ಆ ಬ್ಯಾಕಪ್ ಆದ ಮೇಲೆ 6ರಿಂದ 7ಕ್ಕೆ ಬದಲಾಯಿಸಿದ್ದೆ. ಬೆಳಿಗ್ಗೆ 6ಕ್ಕೆ ನಕಲಿ ಮೋಟರ್ ಹಾಕಿತು, 7ಕ್ಕೆ ಅಸಲಿ ಹಾಕಿತು. ಟ್ಯಾಂಕ್ ತುಂಬಿ ಹರಿದು ಪಕ್ಕದ ಮನೆಯವರ ರಂಗೋಲಿ ಪೂರ್ತಿ ಕೊಚ್ಚಿಹೋಯಿತು. ರಿಸ್ಟೋರ್ ಪರೀಕ್ಷೆ ಮಾಡುವವರು ಯೂನಿಕ್ ಟಿಕ್ ಮಾಡಿ (ನಕಲಿಗೆ ಬೇರೆ ಮ್ಯಾಕ್ ವಿಳಾಸ ಸಿಗುತ್ತದೆ), ಸ್ಟಾರ್ಟ್ ಒತ್ತುವ ಮುಂಚೆ ನೆಟ್‌ವರ್ಕ್ ಕಾರ್ಡ್‌ನಲ್ಲಿ ಡಿಸ್ಕನೆಕ್ಟ್ ಹಾಕಿಬಿಡಿ. ಅಮ್ಮ ಈಗಲೂ ಅವರ ಮನೆ ಮುಂದೆ ತಲೆ ತಗ್ಗಿಸಿ ಓಡಾಡುತ್ತಿದ್ದಾರೆ.