43 ಇಂಚಿನ ಟಿ.ವಿ. 12,999 ರೂಪಾಯಿಗೆ ಕೊಡ್ತಾರಂತೆ, ತಗೋಬಹುದಾ?

ಕಲ್ಪತರು ನಾಡಿನವಳು ಕೇಳಿದ್ದು

ಎಲ್ಲರಿಗೂ ನಮಸ್ಕಾರ. ನಮ್ಮದು ತಿಪಟೂರು. ಮನೆಯಲ್ಲಿದ್ದ ಹಳೇ ಡಬ್ಬಾ ಟಿ.ವಿ. ಹೋದ ವಾರ ಪೂರ್ತಿ ನಿಂತುಹೋಯಿತು. 2004ರಲ್ಲಿ ಕೊಬ್ಬರಿ ಮಾರಿದ ದುಡ್ಡಲ್ಲಿ ಅಪ್ಪ ತಂದಿದ್ದು. ರಿಪೇರಿಯವರು ಬಂದು ನೋಡಿ, ಇದಕ್ಕೆ ಇನ್ನು ಪಾರ್ಟ್ ಸಿಗಲ್ಲ ಅಂದರು.

ಅಪ್ಪನಿಗೆ ಈಗ 74. ಬಲಗಣ್ಣಿಗೆ ಪೊರೆ ಆಪರೇಷನ್ ಆಗಿ ಎರಡು ತಿಂಗಳಾಯಿತು. ತೋಟಕ್ಕೆ ಹೋಗುವುದು ಬಿಟ್ಟಿದ್ದಾರೆ, ಹಗಲೆಲ್ಲ ಮನೆಯಲ್ಲೇ ಇರುತ್ತಾರೆ. ನೋಡುವುದು ಚಂದನ, ನ್ಯೂಸು, ಕ್ರಿಕೆಟ್ಟು, ಅಷ್ಟೇ. ಟಿ.ವಿ. ಕೆಟ್ಟ ಮೇಲೆ ಮಾತು ಕೂಡ ಕಡಿಮೆಯಾಗಿದೆ. ನೋಡಿದರೆ ಸಂಕಟವಾಗುತ್ತೆ.

ಬಿ.ಎಚ್. ರಸ್ತೆಯ ಒಂದು ಅಂಗಡಿಯಲ್ಲಿ 43 ಇಂಚಿನದು ನೋಡಿದೆ. ಡಬ್ಬದ ಮೇಲೆ 4ಕೆ, ಸ್ಮಾರ್ಟ್, ಆಂಡ್ರಾಯ್ಡ್ ಅಂತೆಲ್ಲ ಇದೆ. ಬೆಲೆ 12,999. ಹಳೆಯದನ್ನು ಕೊಟ್ಟರೆ ಇನ್ನೂ 500 ಬಿಡುತ್ತಾರಂತೆ. ಇದೇ ಅಳತೆಯ 4ಕೆ ಟಿ.ವಿ. ಗೊತ್ತಿರುವ ಕಂಪನಿಯದಾದರೆ ನಾನು ನೋಡಿದ ಕಡೆಯಲ್ಲೆಲ್ಲ 22,000ದ ಮೇಲೇ ಇತ್ತು. ಈ ಕಂಪನಿಯ ಹೆಸರು ನಾನು ಕೇಳಿಯೇ ಇಲ್ಲ. ಅಂಗಡಿಯವರನ್ನು ಕೇಳಿದರೆ, "ಒಳಗಿರೋದು ದೊಡ್ಡ ಕಂಪನಿ ಪ್ಯಾನೆಲ್ಲೇ ಮೇಡಂ, ಮೇಲಿನ ಹೆಸರು ಮಾತ್ರ ಬೇರೆ" ಅಂದರು. ಒಂದು ವರ್ಷ ಗ್ಯಾರಂಟಿ, ಬಿಲ್ಲಿನ ಮೇಲೆ ಅಂಗಡಿ ಸೀಲು ಹಾಕಿ ಕೊಡುತ್ತಾರಂತೆ.

ನನ್ನ ಹತ್ತಿರ ಇರುವುದು 15,000, ಚೀಟಿ ಎತ್ತಿದ ದುಡ್ಡು. ಅಪ್ಪನ ಕುರ್ಚಿಯಿಂದ ಗೋಡೆಗೆ ಒಂಬತ್ತು ಅಡಿ ದೂರ. ಕೇಬಲ್ ಇದೆ. ಮನೆ ಊರಾಚೆ, ಪಕ್ಕದ ತೋಟಗಳಲ್ಲಿ ಪಂಪ್‌ಸೆಟ್ ಶುರುವಾದರೆ ನಮ್ಮ ಬಲ್ಬ್ ಮಂಕಾಗುತ್ತೆ. ತಗೋಬಹುದಾ? ಬೇಡವಾ? ತಿಳಿದವರು ಹೇಳಿ.

ಮಂಡ್ಯದಿಂದ

ಅಕ್ಕ, ಬೇಡ. ಎರಡು ವರ್ಷದ ಹಿಂದೆ ನಾನೂ ಇಂಥದ್ದೇ ಒಂದನ್ನು ತಂದಿದ್ದೆ. ಮೊದಲ ದಿನ ಅಕ್ಕಪಕ್ಕದವರೆಲ್ಲ ಬಂದು ನೋಡಿ ಹೋದರು, ಅಷ್ಟು ಚೆನ್ನಾಗಿತ್ತು. ಹದಿನಾಲ್ಕನೇ ತಿಂಗಳು ಒಂದು ಸಂಜೆ ಚಿತ್ರ ಹೋಯಿತು, ಸೌಂಡ್ ಮಾತ್ರ ಬರುತ್ತಿತ್ತು. ಗ್ಯಾರಂಟಿ ಮುಗಿದು ಎರಡು ತಿಂಗಳಾಗಿತ್ತು. ಕಾರ್ಡಿನ ಮೇಲಿದ್ದ ನಂಬರಿಗೆ ಒಂದು ವಾರ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಹೊರಗೆ ಕೊಟ್ಟು 2,800 ಖರ್ಚು ಮಾಡಿ ಸರಿ ಮಾಡಿಸಿದೆ. ಐದು ತಿಂಗಳಿಗೆ ಮತ್ತೆ ಅದೇ ಕಥೆ. ಈಗ ಅಟ್ಟದ ಮೇಲಿದೆ.

ಬೆಂಗಳೂರು, ರಾಜಾಜಿನಗರ

ನನ್ನ ಅನುಭವ ಬೇರೆ. ನಮ್ಮ ಮನೆಯಲ್ಲೂ ಹೆಸರಿಲ್ಲದ 32 ಇಂಚಿನದೇ ಇದೆ. ಐದು ವರ್ಷವಾಯಿತು, ಒಂದು ದಿನವೂ ತೊಂದರೆ ಕೊಟ್ಟಿಲ್ಲ. ಹಾಗಾಗಿ ಅಗ್ಗದ್ದೆಲ್ಲ ಕೆಟ್ಟದ್ದು ಅಂತ ನಾನು ಹೇಳಲಾರೆ.

ಒಂದು ವಿಷಯ ಗಮನದಲ್ಲಿರಲಿ. 32 ಇಂಚಿಗಿಂತ ದೊಡ್ಡ ಟಿ.ವಿ.ಗಳ ಮೇಲೆ ಮೊದಲು ಜಿಎಸ್‌ಟಿ 28% ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು 18% ಆಗಿದೆ. ಅದಕ್ಕಿಂತ ಮುಂಚಿನ ಎಂಆರ್‌ಪಿ ತೋರಿಸಿ "ಇಷ್ಟು ಬಿಟ್ಟಿದ್ದೇವೆ" ಅಂದರೆ ಆ ಲೆಕ್ಕ ನಂಬಬೇಡಿ. ಬಿಲ್ಲಿನಲ್ಲಿ ಜಿಎಸ್‌ಟಿ ನಂಬರ್, ಟಿ.ವಿ.ಯ ಸೀರಿಯಲ್ ನಂಬರ್ ಎರಡೂ ಇರಲೇಬೇಕು ಅಂತ ಕೇಳಿ.

ಹಾಸನದ ಟಿ.ವಿ. ರಿಪೇರಿಯವನು

ಮೇಡಂ, ನಾನು 1993ರಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಡಬ್ಬಾ ಟಿ.ವಿ. ಕಾಲದಿಂದಲೂ ನೋಡಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಮೊದಲು 4ಕೆ ವಿಷಯ. ಅದನ್ನು ತಲೆಯಿಂದ ತೆಗೆದುಬಿಡಿ. 43 ಇಂಚಿನ ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಕ್ಕೆ 1920 ಚುಕ್ಕಿ ಇರುತ್ತವೆ, 4ಕೆ ಆದರೆ ಅದರ ಎರಡರಷ್ಟು. ಫುಲ್ ಎಚ್‌ಡಿಯಲ್ಲಿ ಒಂದೊಂದು ಚುಕ್ಕಿ ಅರ್ಧ ಮಿಲಿಮೀಟರ್ ಅಗಲ. ಒಳ್ಳೆಯ ಕಣ್ಣಿಗೂ ಐದೂವರೆ ಆರು ಅಡಿ ಆಚೆಗೆ ಆ ಚುಕ್ಕಿಗಳು ಬಿಡಿಬಿಡಿಯಾಗಿ ಕಾಣುವುದಿಲ್ಲ. ನಿಮ್ಮ ತಂದೆಯವರು ಕೂರುವುದು ಒಂಬತ್ತು ಅಡಿ ದೂರದಲ್ಲಿ. 4ಕೆ ಆದರೂ ಫುಲ್ ಎಚ್‌ಡಿ ಆದರೂ ಅವರಿಗೆ ವ್ಯತ್ಯಾಸ ಗೊತ್ತಾಗಲ್ಲ. ಆದರೆ ಅಳತೆ ಬೇಕು. ನ್ಯೂಸಿನಲ್ಲಿ ಕೆಳಗೆ ಓಡುವ ಅಕ್ಷರ ಆ ಕಣ್ಣಿಗೆ ಕಾಣಬೇಕಲ್ವಾ? 32 ಇಂಚಿಗಿಂತ 43ರಲ್ಲಿ ಅಕ್ಷರ ಮೂರನೇ ಒಂದು ಭಾಗ ದೊಡ್ಡದಾಗಿ ಕಾಣುತ್ತೆ. ಹಾಗಾಗಿ 43 ಅಂದುಕೊಂಡಿದ್ದು ಸರಿಯಾಗಿದೆ.

"ದೊಡ್ಡ ಕಂಪನಿ ಪ್ಯಾನೆಲ್" ಅನ್ನುವ ಮಾತು. ಅದು ಸುಳ್ಳೇ ಇರಬೇಕು ಅಂತಿಲ್ಲ. ಪ್ಯಾನೆಲ್ ಅಂದರೆ ಚಿತ್ರ ಮೂಡುವ ಗಾಜಿನ ಪರದೆ, ಅದನ್ನು ಮಾಡುವ ಫ್ಯಾಕ್ಟರಿಗಳು ಪ್ರಪಂಚದಲ್ಲೇ ಕೆಲವೇ ಇವೆ, ಎಲ್ಲರೂ ಅವರಿಂದಲೇ ತರಿಸುತ್ತಾರೆ. ಆದರೆ ನನ್ನ ಅಂಗಡಿಗೆ ಬರುವ ಅಗ್ಗದ ಟಿ.ವಿ.ಗಳಲ್ಲಿ ಪ್ಯಾನೆಲ್ ಹೋಗಿರುವುದು ಅಪರೂಪ. ಹೋಗುವುದು ಅದರ ಹಿಂದಿನ ಬ್ಯಾಕ್‌ಲೈಟು. ಮಂಡ್ಯದವರಿಗೆ ಆಗಿದ್ದೂ ಅದೇ.

ಅದು ಏನಂದರೆ, ಪ್ಯಾನೆಲ್‌ಗೆ ಸ್ವಂತ ಬೆಳಕಿಲ್ಲ. ಹಿಂದೆ ಉದ್ದುದ್ದ ಪಟ್ಟಿಗಳ ಮೇಲೆ ಎಲ್‌ಇಡಿ ಕೂರಿಸಿರುತ್ತಾರೆ. ಒಂದೊಂದರ ಮೇಲೂ ಪ್ಲಾಸ್ಟಿಕ್ಕಿನ ಸಣ್ಣ ಟೋಪಿ. ಎಲ್‌ಇಡಿಗಳು ಹೂವಿನ ಮಾಲೆ ಹಾಗೆ ಒಂದರ ಹಿಂದೆ ಒಂದು ಸೇರಿರುತ್ತವೆ, ಒಂದು ಸುಟ್ಟರೆ ಸಾಲೇ ಆರಿಹೋಗುತ್ತೆ. ಖರ್ಚು ಉಳಿಸುವವರು ಎಲ್‌ಇಡಿ ಕಡಿಮೆ ಹಾಕಿ, ಇರುವಷ್ಟಕ್ಕೇ ಜಾಸ್ತಿ ಕರೆಂಟ್ ಬಿಡುತ್ತಾರೆ. ಅಂಗಡಿಯಲ್ಲಿ ಫಳಫಳ ಹೊಳೆಯುತ್ತೆ. ಮನೆಗೆ ತಂದು ದಿನಕ್ಕೆ ಎಂಟು ಗಂಟೆ ಹಾಕಿದರೆ ಕಾದು ಕಾದು ವರ್ಷದಲ್ಲಿ ಸಾಯುತ್ತೆ. ಕೆಲವದರಲ್ಲಿ ಟೋಪಿಯ ಗಮ್ ಬಿಟ್ಟು, ಪರದೆಯ ಮೇಲೆ ದುಂಡಗೆ ಬಿಳಿ ಮಚ್ಚೆಗಳು ಕಾಣುತ್ತವೆ.

ಮಂಡ್ಯದವರೇ, ಕತ್ತಲೆ ಮಾಡಿ, ಟಿ.ವಿ. ಹಾಕಿ, ಮೊಬೈಲ್ ಟಾರ್ಚನ್ನು ಪರದೆಯ ಹತ್ತಿರ ಓರೆಯಾಗಿ ಹಿಡಿಯಿರಿ. ಮಸುಕಾಗಿ ಚಿತ್ರ ಕಂಡರೆ ಪ್ಯಾನೆಲ್ ಚೆನ್ನಾಗಿದೆ. ಅಟ್ಟದಿಂದ ಇಳಿಸಿ. ಎರಡು ಸಲ ಹೋಗಿದೆ ಅಂದರೆ ಬರೀ ಪಟ್ಟಿ ಬದಲಾಯಿಸಿದ್ದಾರೆ, ಕರೆಂಟ್ ಕಡಿಮೆ ಮಾಡಿಲ್ಲ. ಬೋರ್ಡಿನಲ್ಲಿ ಅದನ್ನು ಇಳಿಸಲು ಬರುತ್ತೆ. ಹಾಗೆ ಮಾಡಿಕೊಡುವವರನ್ನು ಹುಡುಕಿ.

ಪಟ್ಟಿ ಬದಲಾಯಿಸಬೇಕಾದರೆ ಪ್ಯಾನೆಲ್ ಎತ್ತಲೇಬೇಕು. 43 ಇಂಚಿನ ಗಾಜು, ದಪ್ಪ ಒಂದೆರಡು ಮಿಲಿಮೀಟರ್. ನಾನೂ ನನ್ನ ಹುಡುಗನೂ ಉಸಿರು ಬಿಗಿಹಿಡಿದು ಎತ್ತುತ್ತೇವೆ. ಅದು ಸೀಳಿದರೆ ಮುಗಿಯಿತು, ಹೊಸ ಪ್ಯಾನೆಲ್‌ಗೆ ಹೆಚ್ಚುಕಡಿಮೆ ಟಿ.ವಿ.ಯಷ್ಟೇ ದುಡ್ಡು. ಅದಕ್ಕೇ ನಾನು ಕೇಳುವ ಪ್ರಶ್ನೆ ಒಂದೇ. ಈ ಟಿ.ವಿ. ಕೆಟ್ಟಾಗ ಪಾರ್ಟ್ ತರುವವರು ಯಾರು, ಎಲ್ಲಿಂದ ತರುತ್ತಾರೆ? ಕಂಪನಿಗೆ ತುಮಕೂರಿನಲ್ಲೋ ಹಾಸನದಲ್ಲೋ ಸರ್ವಿಸ್ ಸೆಂಟರ್ ಇದೆಯಾ? ಅಂಗಡಿಯ ಸೀಲನ್ನು ನಂಬಬೇಡಿ. ಮನೆಯಿಂದಲೇ ಕಂಪನಿಯ ನಂಬರಿಗೆ ಫೋನ್ ಮಾಡಿ. ಯಾರಾದರೂ ಎತ್ತಿ, ಇಂಥ ಊರಿನಲ್ಲಿ ಇಂಥವರು ಇದ್ದಾರೆ ಅಂದರೆ ಮುಂದಿನ ಮಾತು.

ರಾಜಾಜಿನಗರದವರ ಟಿ.ವಿ. ಐದು ವರ್ಷ ಬಂದಿದ್ದು ನನಗೂ ಖುಷಿ. ಅಂಥವೂ ಇವೆ. ಆದರೆ 32 ಇಂಚಿನಲ್ಲಿ ಪಟ್ಟಿ ಕಡಿಮೆ, ಅದರ ಪಾರ್ಟ್ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ರಾಶಿ ರಾಶಿ ಸಿಗುತ್ತೆ. 43ರಲ್ಲಿ ಹೆಸರಿಲ್ಲದ ಮಾಡೆಲ್‌ಗೆ ಸರಿಹೊಂದುವ ಪಟ್ಟಿ ಹುಡುಕುವುದೇ ಒಂದು ಕೆಲಸ.

ಅಂಗಡಿಗೆ ಹೋಗುವಾಗ ಮನೆಯಲ್ಲಿ ಯಾರದ್ದಾದರೂ ಲ್ಯಾಪ್‌ಟಾಪ್ ಇದ್ದರೆ ತೆಗೆದುಕೊಂಡು ಹೋಗಿ. ಎಚ್‌ಡಿಎಂಐ ವೈರ್ ಹಾಕಿ, ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಎಷ್ಟು ತೋರಿಸುತ್ತೆ ನೋಡಿ. ನಿಜವಾದ 4ಕೆ ಆದರೆ 3840 ಗುಣಿಸು 2160 ಇರಬೇಕು. ಅದು ತೋರಿಸಿದರೂ ಸಾಲದು, ಕೆಲವು ಬೋರ್ಡು 4ಕೆ ಚಿತ್ರ ತೆಗೆದುಕೊಂಡು ಒಳಗೆ ಕುಗ್ಗಿಸುತ್ತವೆ. ನೋಟ್‌ಪ್ಯಾಡ್ ತೆಗೆದು ಸಣ್ಣ ಅಕ್ಷರ ಟೈಪ್ ಮಾಡಿ, ಹತ್ತಿರ ಹೋಗಿ ನೋಡಿ. ಅಂಚು ಚೂಪಾಗಿದ್ದರೆ ನಿಜ, ಕಲಸಿದ ಹಾಗಿದ್ದರೆ ಸುಳ್ಳು. ಆಮೇಲೆ ಪೂರ್ತಿ ಬಿಳಿ ಚಿತ್ರ ಒಂದು ಹಾಕಿ, ಮೂಲೆಗಳು ಕಪ್ಪಾಗಿವೆಯಾ, ಚುಕ್ಕಿ ಸತ್ತಿದೆಯಾ ನೋಡಿ. ಬೆನ್ನಿನ ಮೇಲಿನ ಸ್ಟಿಕರಿನಲ್ಲಿ ತಯಾರಾದ ತಿಂಗಳು ಇರುತ್ತೆ. ಬಿಐಎಸ್ ಅಂದರೆ ಸರ್ಕಾರದ ಗುಣಮಟ್ಟದ ಗುರುತು, ಜೊತೆಗೆ ಆರ್ ಅಂತ ಶುರುವಾಗುವ ನಂಬರ್ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ಯಾರ ಹೆಸರಿನಲ್ಲಿದೆ ಅಂತ ಬರುತ್ತೆ. ಬರದಿದ್ದರೆ ಅಲ್ಲಿಂದಲೇ ಎದ್ದು ಬನ್ನಿ.

ವೋಲ್ಟೇಜಿಗೆ ಒಂದು ಸ್ಟೆಬಿಲೈಸರ್ ಹಾಕಿಸಿ. ಆದರೆ ಸಿಡಿಲನ್ನು ಅದು ತಡೆಯಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಶುರುವಾದ ಕೂಡಲೇ ಪ್ಲಗ್ಗೂ ಕಿತ್ತು, ಕೇಬಲ್ ವೈರೂ ಕೀಳಬೇಕು. ಕೇಬಲ್ ಮರೆತವರ ಟಿ.ವಿ.ಗಳು ಪ್ರತಿ ವರ್ಷ ಬರುತ್ತವೆ ನನ್ನ ಹತ್ತಿರ.

ಕಲ್ಪತರು ನಾಡಿನವಳು, ಒಂದು ವಾರದ ಮೇಲೆ

ಹಾಸನದ ಸರ್, ನಿಮಗೆ ಹೇಗೆ ಧನ್ಯವಾದ ಹೇಳಲಿ ಗೊತ್ತಾಗುತ್ತಿಲ್ಲ. ನೀವು ಹೇಳಿದ ಹಾಗೇ ಮಾಡಿದೆ.

ಅಣ್ಣನ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಅವನ ಲ್ಯಾಪ್‌ಟಾಪ್ ತೆಗೆದುಕೊಂಡು ಇಬ್ಬರೂ ಹೋದೆವು. ಅಂಗಡಿಯವರು ಬೇಡ ಅನ್ನಲಿಲ್ಲ, ಅವರೇ ವೈರ್ ಕೊಟ್ಟರು. ಸೆಟ್ಟಿಂಗ್‌ನಲ್ಲಿ ಬಂದಿದ್ದು 1920 ಗುಣಿಸು 1080. ಅದಕ್ಕಿಂತ ಮೇಲೆ ಏನೂ ಇರಲಿಲ್ಲ. ಆಮೇಲೆ ಡಬ್ಬ ತಿರುಗಿಸಿ ನೋಡಿದರೆ, ಮುಂದೆ ದೊಡ್ಡದಾಗಿ 4ಕೆ ಅಂತ ಇದ್ದದ್ದಕ್ಕೆ ಹಿಂದೆ ಸಣ್ಣ ಅಕ್ಷರದಲ್ಲಿ "4ಕೆ ವಿಡಿಯೊ ಸಪೋರ್ಟ್" ಅಂತ ಇತ್ತು. ಅಂದರೆ 4ಕೆ ವಿಡಿಯೊ ಓಡುತ್ತೆ, ಪರದೆ ಮಾತ್ರ 4ಕೆ ಅಲ್ಲ. ಅಂಗಡಿಯವರ ಮುಖ ನೋಡಿದರೆ ಅವರಿಗೂ ಗೊತ್ತಿರಲಿಲ್ಲ ಅನ್ನಿಸಿತು. ಅವರೇ ಡಬ್ಬ ಕೈಗೆ ತೆಗೆದುಕೊಂಡು ಎರಡು ಸಲ ಓದಿದರು.

4ಕೆ ಇಲ್ಲದ್ದು ನನಗೆ ಬೇಜಾರಾಗಲಿಲ್ಲ, ನೀವು ಮೊದಲೇ ಹೇಳಿದ್ದಿರಿ. ಬೇಡ ಅನ್ನಿಸಿದ್ದು ಫೋನಿನ ವಿಷಯಕ್ಕೆ. ಕಾರ್ಡಿನ ಮೇಲಿನ ನಂಬರಿಗೆ ಮೂರು ದಿನ, ಬೇರೆ ಬೇರೆ ಹೊತ್ತಿನಲ್ಲಿ ಮಾಡಿದೆ. ರಿಂಗ್ ಆಗಿ ಆಗಿ ನಿಂತುಹೋಯಿತು.

ಕೊನೆಗೆ ಬೇರೆ ಅಂಗಡಿಯಲ್ಲಿ, ತುಮಕೂರಿನಲ್ಲಿ ಸರ್ವಿಸ್ ಸೆಂಟರ್ ಇರುವ ಕಂಪನಿಯ 43 ಇಂಚಿನ ಫುಲ್ ಎಚ್‌ಡಿ ತೆಗೆದುಕೊಂಡೆವು. 16,800 ಆಯಿತು. ಕಡಿಮೆ ಬಿದ್ದದ್ದನ್ನು ಅಣ್ಣ ಹಾಕಿದ. ಆ ಸೆಂಟರಿಗೆ ಮೊದಲೇ ಫೋನ್ ಮಾಡಿದ್ದೆ. ಎರಡನೇ ರಿಂಗಿಗೆ ಒಬ್ಬ ಹುಡುಗಿ ಎತ್ತಿ, ತಿಪಟೂರಿಗೆ ಯಾವ ದಿನ ಬರುತ್ತಾರೆ ಅಂತ ಕೂಡ ಹೇಳಿದಳು.

ಈಗ ಇನ್ನೊಂದು ಚಿಂತೆ. ಕೇಬಲ್ ಚಾನೆಲ್ ಹಾಕಿದರೆ ಚಿತ್ರ ಹಳೇ ಡಬ್ಬಾ ಟಿ.ವಿ.ಗಿಂತ ಮಸುಕಾಗಿದೆ. ಅಪ್ಪ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಕನ್ನಡಕ ತೆಗೆದು ಒರೆಸಿ ಒರೆಸಿ ಹಾಕಿಕೊಳ್ಳುತ್ತಿದ್ದಾರೆ. ನೋಡಲಾಗುತ್ತಿಲ್ಲ ನನಗೆ. ಟಿ.ವಿ.ಯದೇ ದೋಷವಾ? ಇನ್ನೊಂದು, ಹಳೆಯದನ್ನು ಈ ಅಂಗಡಿಯವರು ತೆಗೆದುಕೊಳ್ಳಲಿಲ್ಲ. ಗುಜರಿಯವನು 150 ಕೊಡುತ್ತೇನೆ ಅಂದಿದ್ದಾನೆ. ಕೊಡಲಾ?

ಹಾಸನದ ಟಿ.ವಿ. ರಿಪೇರಿಯವನು

ದೋಷ ಟಿ.ವಿ.ಯದಲ್ಲ ಮೇಡಂ. ನಿಮ್ಮ ಕೇಬಲ್ ಪೆಟ್ಟಿಗೆ ಹಳೆಯದು. ಹಳದಿ, ಕೆಂಪು, ಬಿಳಿ ಮೂರು ವೈರ್ ಹಾಕಿದ್ದೀರಿ ಅಲ್ವಾ? ಅದರಲ್ಲಿ ಬರುವ ಚಿತ್ರ 720 ಗುಣಿಸು 576 ಚುಕ್ಕಿ ಅಷ್ಟೇ. ಅದನ್ನು ಇಷ್ಟು ದೊಡ್ಡ ಪರದೆಗೆ ಎಳೆದರೆ ಹಿಟ್ಟು ಎಳೆದ ಹಾಗೆ ತೆಳ್ಳಗಾಗುತ್ತೆ. ಕೇಬಲ್‌ನವರನ್ನು ಕರೆದು ಎಚ್‌ಡಿ ಪೆಟ್ಟಿಗೆ ಕೇಳಿ, ಎಚ್‌ಡಿಎಂಐ ವೈರಲ್ಲಿ ಹಾಕಿಸಿ. ಎಲ್ಲ ಚಾನೆಲ್ ಎಚ್‌ಡಿ ಬೇಡ, ತಂದೆಯವರು ನೋಡುವ ಎರಡು ಮೂರು ಸಾಕು.

ಪಿಕ್ಚರ್ ಸೆಟ್ಟಿಂಗ್‌ನಲ್ಲಿ "ವಿವಿಡ್" ಅಂತ ಇದ್ದರೆ ಬದಲಾಯಿಸಿ. ಬ್ಯಾಕ್‌ಲೈಟ್ 100 ಇದ್ದರೆ 55, 60ಕ್ಕೆ ಇಳಿಸಿ. ಆಪರೇಷನ್ ಆದ ಕಣ್ಣಿಗೆ ಕೋರೈಸುವ ಬೆಳಕು ಕಷ್ಟವಾಗುತ್ತೆ. ಎಲ್‌ಇಡಿ ಪಟ್ಟಿಗೂ ಆಯಸ್ಸು ಜಾಸ್ತಿ. ರಾತ್ರಿ ಟಿ.ವಿ. ಹಿಂದೆ ಒಂದು ಸಣ್ಣ ಬಲ್ಬ್ ಉರಿಯುತ್ತಿರಲಿ, ಪೂರ್ತಿ ಕತ್ತಲಲ್ಲಿ ನೋಡುವುದು ಬೇಡ.

ಹಳೆಯದನ್ನು ಗುಜರಿಯವನಿಗೆ ಕೊಡಬೇಡಿ, ಇದು ನನ್ನ ಕೋರಿಕೆ. ಅವರು ತಾಮ್ರಕ್ಕಾಗಿ ಟ್ಯೂಬ್ ಒಡೆಯುತ್ತಾರೆ. ಒಳಗೆ ಗಾಳಿ ಇಲ್ಲದ ಗಾಜು ಅದು, ಒಡೆದರೆ ಚೂರು ಹಾರುತ್ತೆ. ಆ ಗಾಜಿನಲ್ಲಿ ಸೀಸ ಇದೆ. ಮಕ್ಕಳು ಓಡಾಡುವ ಜಾಗದಲ್ಲಿ ಕೂತು ಒಡೆಯುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ತುಮಕೂರಿನ ಆ ಸರ್ವಿಸ್ ಸೆಂಟರಿಗೇ ಫೋನ್ ಮಾಡಿ, ಇ-ತ್ಯಾಜ್ಯಕ್ಕೆ ಎಲ್ಲಿ ಕೊಡಬೇಕು ಅಂತ ಕೇಳಿ. ಅಲ್ಲಿಯವರೆಗೆ ಒಂದು ಮೂಲೆಯಲ್ಲಿಡಿ, ಹಿಂದಿನ ಮುಚ್ಚಳ ಮಾತ್ರ ಯಾರೂ ಬಿಚ್ಚದ ಹಾಗೆ ನೋಡಿಕೊಳ್ಳಿ.

ಕಲ್ಪತರು ನಾಡಿನವಳು

ಆಯಿತು ಸರ್. ಕೇಬಲ್‌ನವರು ನಾಳೆ ಬರುತ್ತೇನೆ ಅಂದಿದ್ದಾರೆ. ಬ್ಯಾಕ್‌ಲೈಟ್ ಈಗಲೇ 55 ಮಾಡಿದೆ. ಅಪ್ಪ "ಹ್ಞಾ, ಈಗ ತಂಪಾಯ್ತು" ಅಂದರು.