ಮೈಸೂರಲ್ಲಿ ಕೇಲ್ ಸೊಪ್ಪು ಯಾವಾಗ ಹಾಕ್ಬೇಕು? ನಂದು ಎರಡು ಸಲ ಕೆಟ್ಟಿತು

ಕುವೆಂಪುನಗರ ತಾರಸಿ:
ಎಲ್ಲರಿಗೂ ನಮಸ್ಕಾರ. ಮಗಳು ಬೆಳಿಗ್ಗೆ ಹಸಿರು ಸ್ಮೂದಿ ಕುಡಿಯೋಕೆ ಶುರು ಮಾಡಿದ ಮೇಲೆ ನಮ್ಮನೆಗೆ ಕೇಲ್ ಬಂತು. ಅಂಗಡೀಲಿ ಅದರ ಒಂದು ಸಣ್ಣ ಕಟ್ಟಿಗೆ ಕೊಡೋ ದುಡ್ಡಲ್ಲಿ ದಂಟು, ಮೆಂತ್ಯ, ಪಾಲಕ್ ಎಲ್ಲಾ ಸೇರಿ ಚೀಲ ತುಂಬುತ್ತೆ. ಅದಕ್ಕೇ ಬೀಜ ತರಿಸಿದೆ.

ಮೊದಲ ಸಲ ಯುಗಾದಿ ಕಳೆದ ವಾರ ಹಾಕಿದ್ದು. ಮೊಳಕೆ ಬಂತು, ಮೇ ತಿಂಗಳಾದ್ರೂ ಎಲೆ ಅಂಗೈಯಷ್ಟು ಆಗಲಿಲ್ಲ. ಬೇಯಿಸಿದ್ರೆ ಹಾಗಲಕಾಯೇ ವಾಸಿ ಅನ್ನೋ ಕಹಿ. ಎರಡನೇ ಸಲ ಜೂನ್‌ನಲ್ಲಿ ಮಳೆ ಬಿದ್ದ ಮೇಲೆ ಹಾಕಿದೆ. ಗಿಡ ಚೆನ್ನಾಗಿ ಎದ್ದಿತು. ಮೂರು ದಿನ ತಂಗಿ ಮನೆಗೆ ಹೋಗಿ ಬರೋಷ್ಟರಲ್ಲಿ ಎಲೆಯೆಲ್ಲ ಜರಡಿ. ಸಣ್ಣ ಹಸಿರು ಹುಳ, ಮುಟ್ಟಿದ್ರೆ ಒದ್ದಾಡಿಕೊಂಡು ದಾರ ಬಿಟ್ಟು ಕೆಳಗಿಳಿಯುತ್ತೆ. ಇನ್ನೂ ಅರ್ಧ ಪ್ಯಾಕೆಟ್ ಬೀಜ ಇದೆ. ಯಾವಾಗ ಹಾಕಲಿ? ಕುಂಡ ಎಷ್ಟು ದೊಡ್ಡದು ಬೇಕು? ಬೆಳಿಗ್ಗೆ 10ರಿಂದ ಸಂಜೆವರೆಗೂ ಬಿಸಿಲಿದೆ.

ಸೊಪ್ಪಿನ ಸಾರು:
ಇಷ್ಟೆಲ್ಲ ಒದ್ದಾಟ ಯಾಕ್ರೀ? ಗೇಟ್ ಪಕ್ಕ ಒಂದು ನುಗ್ಗೆ ಕೊಂಬೆ ನೆಡಿ. ನೀರೂ ಕೇಳಲ್ಲ, ಪ್ಯಾಕೆಟ್ಟೂ ಕೇಳಲ್ಲ.

ಬನಶಂಕರಿ ಅಜ್ಜಿ ತೋಟ:
ನುಗ್ಗೆ ನಮ್ಮನೇಲೂ ಇದೆ ಸಾರ್. ಅದಿದ್ರೆ ಇದು ಇರಬಾರದು ಅಂತೇನಿಲ್ವಲ್ಲ.

ಮೇಡಂ, ನಿಮ್ಮ ಎರಡೂ ಕಥೆ ನನ್ನವೇ. ಬ್ಯಾಂಕ್ ಕೆಲಸದಿಂದ ನಿವೃತ್ತಿಯಾಗಿ ತಾರಸಿ ಹತ್ತಿದ ಮೊದಲ ವರ್ಷ ನಾನೂ ಬೇಸಿಗೆಯಲ್ಲಿ ಹಾಕಿ ಕೈ ಸುಟ್ಟುಕೊಂಡೆ. ಆಮೇಲೆ ಗೊತ್ತಾಯ್ತು, ಇದು ತಲೆ ಕಟ್ಟದ ಎಲೆಕೋಸು, ಅಷ್ಟೇ. ಎಲೆಕೋಸು, ಹೂಕೋಸು, ನವಿಲುಕೋಸು, ಕೇಲ್ ಎಲ್ಲವೂ ಬ್ರಾಸಿಕಾ ಒಲೆರೇಸಿಯಾ ಅನ್ನೋ ಒಂದೇ ಜಾತಿ. ಅವತ್ತಿನಿಂದ ಪ್ಯಾಕೆಟ್ ಹಿಂದೆ ಬರೆದಿರೋ 'ವಸಂತ ಋತುವಿನಲ್ಲಿ ಬಿತ್ತಿ' ಅನ್ನೋದನ್ನ ಓದೋದು ಬಿಟ್ಟೆ. ಅದು ಹಿಮ ಬೀಳೋ ಊರಿನವರಿಗೆ. ನಾನು ನವಿಲುಕೋಸಿನ ಲೆಕ್ಕ ಹಿಡಿದೆ.

ಮಹಾಲಯ ಅಮಾವಾಸ್ಯೆಗೆ ಬೀಜ, ದೀಪಾವಳಿ ಅಮಾವಾಸ್ಯೆಗೆ ಸಸಿ ಕುಂಡಕ್ಕೆ. ನಡುವೆ ಒಂದು ತಿಂಗಳು, ಸಸಿ ನಾಲ್ಕೈದು ಎಲೆ ಬಿಡೋಕೆ ಅಷ್ಟೇ ಬೇಕು. ಅಧಿಕ ಮಾಸ ಬಂದ ವರ್ಷ ಮಾತ್ರ ಹಬ್ಬಕ್ಕೆ ಕಾಯದೆ ಸೆಪ್ಟೆಂಬರ್ ಕೊನೆಗೇ ಹಾಕಿಬಿಡಿ. ನೆಟ್ಟ 50-60 ದಿನಕ್ಕೆ, ಅಂದ್ರೆ ಬೀದೀಲಿ ಅವರೆಕಾಯಿ ರಾಶಿ ಬೀಳೋ ಹೊತ್ತಿಗೆ ಕೊಯ್ಲು ಶುರು. ಚಳಿಯಲ್ಲಿ ಬೆಳೆದ ಎಲೆ ನಿಮ್ಮ ಮೇ ತಿಂಗಳ ಎಲೆಯಷ್ಟು ಕಹಿ ಇರಲ್ಲ.

ಕುಂಡ 12 ಇಂಚು ಅಗಲ, ಅಷ್ಟೇ ಆಳ. ಒಂದಕ್ಕೆ ಒಂದೇ ಗಿಡ. ಮೂರು ಇಟ್ಟರೆ ಮೂರೂ ಸೊರಗುತ್ತವೆ, ನಾನು ಇಟ್ಟು ನೋಡಿದ್ದೀನಿ. ಕೆಂಪು ಮಣ್ಣು, ಎರೆಗೊಬ್ಬರ, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಸಮಸಮ, ಮೇಲೊಂದು ಹಿಡಿ ಬೇವಿನ ಹಿಂಡಿ. ಬೀಜ ಒಂದು ಸೆಂಟಿಮೀಟರ್ ಆಳಕ್ಕಿಂತ ಕೆಳಗೆ ಬೇಡ, ವಾರದೊಳಗೆ ಮೊಳೆಯುತ್ತೆ. ನಾಟಿ ಸಂಜೆ ಮಾಡಿ. ಹದಿನೈದು ದಿನಕ್ಕೊಮ್ಮೆ ಕಡಲೆಕಾಯಿ ಹಿಂಡಿ ನೆನೆಸಿದ ನೀರು, ಹತ್ತು ಪಟ್ಟು ನೀರು ಬೆರೆಸಿ. ಮೂರು ದಿನಕ್ಕಿಂತ ಜಾಸ್ತಿ ನೆನೆಸಬೇಡಿ. ನಾನೊಮ್ಮೆ ವಾರ ಬಿಟ್ಟಿದ್ದಕ್ಕೆ ಕೆಳಗಿನ ಬಾಡಿಗೆಯವರು ಒಳಚರಂಡಿ ಒಡೆದಿದೆ ಅಂತ ಪ್ಲಂಬರ್‌ನ ಕರೆಸಿಬಿಟ್ಟಿದ್ರು.

ಇನ್ನು ಆ ದಾರ ಬಿಡೋ ಹುಳ. ಅದು ಡೈಮಂಡ್‌ಬ್ಯಾಕ್ ಪತಂಗದ ಮರಿ, ಕೋಸು ಬೆಳೆಯೋ ರೈತರ ದೊಡ್ಡ ತಲೆನೋವು. ಪತಂಗ ರಾತ್ರಿ ಬಂದು ಎಲೇಲಿ ಮೊಟ್ಟೆ ಇಡುತ್ತೆ, ಹುಳ ಕಂಡ ಮೇಲೆ ಓಡಾಡಿದ್ರೆ ತಡವಾಯ್ತು. ನಾಟಿ ಮಾಡಿದ ಸಂಜೆಯೇ ಹಳೇ ಸೊಳ್ಳೆಪರದೆ ಹೊದಿಸಿ, ಅಂಚಿಗೆ ಕಲ್ಲಿಡಿ, ಪರದೆ ಎಲೆಗೆ ತಾಗದ ಹಾಗೆ ನಾಲ್ಕು ಕಡ್ಡಿ ಚುಚ್ಚಿ. ಪಕ್ಕದಲ್ಲಿ ಪರದೆಯಿಲ್ಲದೆ ಒಂದು ಕುಂಡದಲ್ಲಿ ಒಗ್ಗರಣೆ ಡಬ್ಬಿಯ ಸಾಸಿವೆ ಚೆಲ್ಲಿ. ಪತಂಗಕ್ಕೆ ಸಾಸಿವೆ ಮೇಲೆ ಜಾಸ್ತಿ ಪ್ರೀತಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನವರು ಎಲೆಕೋಸಿನ ಹೊಲದ ಸಾಲುಗಳ ನಡುವೆ ಸಾಸಿವೆ ಬಿತ್ತೋಕೆ ಹೇಳಿದ್ದೂ ಇದಕ್ಕೇ. ಆದ್ರೂ ಹುಳ ಕಂಡ್ರೆ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ನಾಲ್ಕು ಹನಿ ಸೋಪು, ಸಂಜೆ ಎಲೆಯ ಕೆಳಮೈಗೆ ಹೊಡೀರಿ.

ಕೊಯ್ಯುವಾಗ ಕೆಳಗಿನ ಎಲೆ ಮಾತ್ರ, ಸುಳಿ ಮುಟ್ಟಬೇಡಿ. ನನ್ನ ಆರು ಗಿಡ ಇಬ್ಬರಿಗೆ ವಾರಕ್ಕೆರಡು ಪಲ್ಯ ಕೊಡುತ್ತೆ.

ಗುಂಗುರು ಎಲೆಯ ಜಾತಿ ನೋಡೋಕೆ ಚಂದ, ಆದ್ರೆ ಆ ಮಡಿಕೆಯೊಳಗೆ ಗಿಡದ ರಸ ಹೀರೋ ಹೇನು ಸೇರಿಕೊಂಡ್ರೆ ನಲ್ಲಿ ಕೆಳಗೆ ಅರ್ಧ ಗಂಟೆ ನಿಂತ್ರೂ ಹೋಗಲ್ಲ. ನಾನು ಲಸಿನಾಟೊ ಅನ್ನೋ ಉದ್ದ ಎಲೆಯ, ಕಡುಹಸಿರು ಇಟಲಿ ಜಾತಿಗೇ ಅಂಟಿಕೊಂಡಿದ್ದೀನಿ.

ಎಡಿಸನ್ ಕನ್ನಡಿಗ:
ಅಜ್ಜಿ ಹೇಳಿದ್ದು ನಿಜ, ಆ ಪ್ಯಾಕೆಟ್ ಮಾತು ನಮ್ಮಂಥ ಊರಿಗೆ. ಆದ್ರೆ ನಾವು ನ್ಯೂಜೆರ್ಸೀಲೂ ವಸಂತದ ಬೆಳೆಗಿಂತ ಜುಲೈ ಕೊನೆಗೆ ಬಿತ್ತಿದ ಬೆಳೆಯನ್ನೇ ಕಾಯ್ತೀವಿ. ಇಬ್ಬನಿ ಹೆಪ್ಪುಗಟ್ಟೋ ಚಳಿ ಒಂದೆರಡು ಸಲ ಬಿದ್ದ ಮೇಲೆ ಎಲೆಗೆ ಸಿಹಿ ಬರುತ್ತೆ, ಹೆಪ್ಪುಗಟ್ಟದಿರೋಕೆ ಗಿಡ ತನ್ನಲ್ಲಿ ಸಕ್ಕರೆ ಕೂಡಿಟ್ಟುಕೊಳ್ಳುತ್ತಂತೆ. ಹಿಮ ಕೊಡವಿ ಎಲೆ ಕಿತ್ತು ಅಕ್ಕಿ ರೊಟ್ಟಿಗೆ ಹೆಚ್ಚಿ ಹಾಕ್ತೀವಿ. ಆ ರುಚಿ ಮೈಸೂರಲ್ಲಿ ಸಿಗಲ್ಲ, ಅದಂತೂ ಹೇಳಿಬಿಡ್ತೀನಿ. ಅಮ್ಮ ಇಲ್ಲಿಗೆ ಬಂದಾಗ ಒಂದು ಎಲೆ ಹಿಡಿದು ನೋಡಿ, 'ಇದೇನೋ, ನವಿಲುಕೋಸಿನ ಗೆಡ್ಡೆ ಎಲ್ಲಿ ಬಿಸಾಕಿದೆ' ಅಂದ್ರು.

ಸೊಪ್ಪಿನ ಸಾರು:
ನವಿಲುಕೋಸಿನ ಎಳೇ ಎಲೆ ನಾವು ಬಸ್ಸಾರಿಗೆ ಹಾಕ್ತೀವಿ. ಅಂದ್ರೆ ಇಷ್ಟು ದಿನ ನಾನೂ ಕೇಲ್ ತಿಂದವನೇ ಅನ್ನಿ!

ಕುವೆಂಪುನಗರ ತಾರಸಿ:
ಅಜ್ಜಿ, ತುಂಬಾ ಥ್ಯಾಂಕ್ಸ್. ಇನ್ನೆರಡು ಪ್ರಶ್ನೆ. ಬೀಜ ಮಾರ್ಚಲ್ಲಿ ತರಿಸಿದ್ದು, ಇನ್ನೂ ಮೊಳೆಯುತ್ತಾ? ಮತ್ತೆ ಗಿಡ ಎಷ್ಟು ದಿನ ಇಟ್ಟುಕೊಳ್ಳಬಹುದು?

ಬನಶಂಕರಿ ಅಜ್ಜಿ ತೋಟ:
ಒಣಗಿದ ಜಾಗದಲ್ಲಿ ಇಟ್ಟಿದ್ರೆ ಕೋಸಿನ ಬೀಜ ಮೂರು ವರ್ಷ ಕೆಡಲ್ಲ. ಅನುಮಾನ ಇದ್ರೆ ಹತ್ತು ಬೀಜ ಒದ್ದೆ ಬಟ್ಟೇಲಿ ಸುತ್ತಿ ಡಬ್ಬೀಲಿಟ್ಟು ನೋಡಿ.

ಗಿಡ ಶಿವರಾತ್ರಿವರೆಗೆ. ಚಳಿ ಶಿವಶಿವಾ ಅಂತ ಹೊರಟ ವಾರವೇ ಬೂದು ಹೇನು ಸುಳಿಗೆ ಬರುತ್ತೆ. ನಮ್ಮಲ್ಲಿ ಚಳಿ ಸಾಲದೆ ಇದು ಹೂ ಬಿಡೋದು ಅಪರೂಪ, ಹಾಗಾಗಿ ಗಿಡ ಸಾಯದೆ ನಿಂತೇ ಇರುತ್ತೆ, ಕೀಳೋಕೆ ಮನಸ್ಸು ಬರಲ್ಲ. ಕಿತ್ತುಬಿಡಿ. ಆ ಮಣ್ಣಿಗೆ ದಂಟಿನ ಬೀಜ ಚೆಲ್ಲಿ, ಮುಂದಿನ ಸಲ ಅದೇ ಮಣ್ಣಲ್ಲಿ ಕೋಸು ಬೇಡ.

ಬೀಜ ಮನೇಲೇ ಮಾಡ್ಕೊಳ್ಳೋಣ ಅಂತ ನಾನು ಒಂದು ಗಿಡ ಎರಡು ವರ್ಷ ಕಾದೆ. ಸೊಂಟದೆತ್ತರ ಬೆಳೆದು, ಪಕ್ಕದ ಮನೆಯವರು ಪಪ್ಪಾಯಿನಾ ಅಂತ ಕೇಳಿದ್ರು. ಹೂವಂತೂ ಬರಲಿಲ್ಲ.

ಕುವೆಂಪುನಗರ ತಾರಸಿ:
ಹತ್ತರಲ್ಲಿ ಎಂಟು ಮೊಳೆತಿದೆ! ಕ್ಯಾಲೆಂಡರ್ ನೋಡಿದೆ, ಮಹಾಲಯಕ್ಕೆ ಇನ್ನು 12 ದಿನ. ಸೊಳ್ಳೆಪರದೆ ಅಟ್ಟದ ಮೇಲಿಂದ ಇಳಿಸಿದ್ದೀನಿ, ಒಂದು ಕಡೆ ಇಲಿ ಕಡಿದಿದೆ. ಹೊಲಿಗೆ ಹಾಕ್ಕೊಂಡು ಕೂತಿದ್ದೀನಿ.