ಸೆಕೆಂಡ್‌ಹ್ಯಾಂಡ್ ಫ್ಲಿಂಟ್‌ಲಾಕ್ ರೈಫಲ್ ತಗೊಂಡಿದೀನಿ, ಎಲ್ಲಿಂದ ಶುರು ಮಾಡ್ಲಿ?

ಪೆನ್_ಕನ್ನಡಿಗ:
ನಮಸ್ಕಾರ ಎಲ್ರಿಗೂ, ಪೆನ್ಸಿಲ್ವೇನಿಯಾದಲ್ಲಿ ಹ್ಯಾರಿಸ್‌ಬರ್ಗ್ ಹತ್ರ ಇದೀನಿ. ಇಲ್ಲಿ ಕ್ರಿಸ್‌ಮಸ್ ಮಾರನೇ ದಿನದಿಂದ ಜಿಂಕೆಗೆ ಫ್ಲಿಂಟ್‌ಲಾಕ್ ಸೀಸನ್ ಅಂತಾನೇ ಬೇರೆ ಇದೆ, ಕೇಪ್ (ಹ್ಯಾಮರ್ ಬಡಿದ್ರೆ ಹೊತ್ಕೊಳ್ಳೋ ಸಣ್ಣ ಟೋಪಿ) ಹಾಕೋ ಗನ್ನೂ ನಡೆಯಲ್ಲ, ಚಕಮಕಿ ಕಲ್ಲಿನ ಕಿಡಿಯಿಂದಾನೇ ಮದ್ದು ಹೊತ್ಕೋಬೇಕು. ಪಕ್ಕದ ಮನೆಯವ್ರು ಪ್ರತಿ ವರ್ಷ ಹೋಗ್ತಾರೆ, ಈ ಸಲ ನೀನೂ ಬಾ ಅಂದ್ರು, ಅದೇ ಹುಮ್ಮಸ್ಸಲ್ಲಿ ಎಸ್ಟೇಟ್ ಸೇಲಲ್ಲಿ (ತೀರಿಹೋದವ್ರ ಮನೆ ಸಾಮಾನು ಮಾರೋದು) ಒಂದು ಹಳೇ ಲೈಮನ್ ಗ್ರೇಟ್ ಪ್ಲೇನ್ಸ್ ತಗೊಂಡೆ. .50 ಕ್ಯಾಲಿಬರ್, 32 ಇಂಚ್ ಬ್ಯಾರೆಲ್, ಎರಡು ಟ್ರಿಗರ್. ಮರ ಚೆನ್ನಾಗಿದೆ, ಆದ್ರೆ ಲಾಕ್ (ಕಿಡಿ ಹೊಡೆಯೋ ಭಾಗ) ಸುತ್ತ ಕಂದು ತುಕ್ಕು, ಬ್ಯಾರೆಲ್ ಬಾಯಿಂದ ಟಾರ್ಚ್ ಬಿಟ್ರೆ ಬರೀ ಕತ್ತಲೆ, ಹ್ಯಾಮರ್‌ನಲ್ಲಿರೋ ಕಲ್ಲು ಸವೆದು ಗುಂಡಗಾಗಿದೆ. ಮಾರಿದವ್ರಿಗೆ ಏನೂ ಗೊತ್ತಿಲ್ಲ, ಅವ್ರ ತಾತಂದಂತೆ. ಬ್ಯಾರೆಲ್‌ಗೆ ಸ್ಯಾಂಡ್‌ಪೇಪರ್ ಹಾಕಿ ತಿಕ್ಕಿ ಹೊಸದಾಗಿ ಬಣ್ಣ ಬರ್ಸೋಣ ಅಂತಿದೀನಿ. ಸರೀನಾ? ಇನ್ನೂ ಟ್ರಿಗರ್ ಮುಟ್ಟಿಲ್ಲ.

ಹಳೇ_ಲಾಕ್:
ಮುಟ್ಟಬೇಡಿ ಸಾರ್. ಸ್ಯಾಂಡ್‌ಪೇಪರ್ ಪಕ್ಕಕ್ಕಿಡಿ, ಮೊದ್ಲು ಒಳಗೆ ಮದ್ದು ಗುಂಡು ಇದ್ಯಾ ನೋಡಿ. ತಾತ ಲೋಡ್ ಮಾಡಿ ಗೋಡೆಗೆ ಒರಗಿಸಿಟ್ಟಿದ್ದು ಹಂಗೇ ಮೊಮ್ಮಕ್ಕಳ ಕೈಗೆ ಬರೋದು ಇಂಥ ಗನ್‌ಗಳಲ್ಲಿ ತೀರಾ ಮಾಮೂಲು, ಕರೀ ಮದ್ದು ಒಣಗಿದ್ರೆ ಎಷ್ಟು ವರ್ಷ ಆದ್ರೂ ಉರಿಯುತ್ತೆ. ಹ್ಯಾಮರ್‌ನಿಂದ ಕಲ್ಲು ಬಿಚ್ಚಿ, ಫ್ರಿಜ್ಜನ್ (ಕಲ್ಲು ಬಡಿದು ಕಿಡಿ ಬರೋ ಉಕ್ಕಿನ ತುಂಡು) ಮುಂದಕ್ಕೆ ತಳ್ಳಿ ತೆರೆದಿಡಿ, ಅದ್ರ ಕೆಳಗಿರೋ ಪ್ಯಾನ್ (ಕಿಡಿ ಬೀಳೋ ಮದ್ದಿನ ತಟ್ಟೆ) ಒರೆಸಿ, ಆಮೇಲೆ ಗಜ (ಗುಂಡು ಜಡಿಯೋ ಕೋಲು) ಒಳಗೆ ಬಿಟ್ಟು ಬಾಯಿ ಹತ್ರ ಪೆನ್ಸಿಲ್ ಗುರುತು ಹಾಕಿ ಆಚೆ ತೆಗೆದು ಬ್ಯಾರೆಲ್ ಪಕ್ಕಕ್ಕೇ ಇಟ್ಟು ಅಳೀರಿ, ತುದಿ ಟಚ್‌ಹೋಲ್ (ಪ್ಯಾನ್‌ನಿಂದ ಒಳಗೆ ಬೆಂಕಿ ಹೋಗೋ ಸಣ್ಣ ತೂತು) ತನಕ ಹೋಗಿದ್ರೆ ಖಾಲಿ. ಆದ್ರೆ ಒಂದು, ಈ ಮಾಡೆಲ್‌ನಲ್ಲಿ ತಳದಲ್ಲಿ ಮದ್ದಿನ ಗೂಡು ಬ್ಯಾರೆಲ್‌ಗಿಂತ ಸಪೂರ ಇರುತ್ತೆ, ಅದಕ್ಕೆ ಖಾಲಿ ಇದ್ರೂ ದಪ್ಪ ಗಜ ಟಚ್‌ಹೋಲ್‌ವರೆಗೂ ಹೋಗಲ್ಲ, ಸ್ವಲ್ಪ ಮುಂದೆ ನಿಲ್ಲುತ್ತೆ, ಜನ ಅದನ್ನ ನೋಡಿ ಸುಮ್ನೆ ಗಾಬರಿ ಆಗ್ತಾರೆ. ಕಾಲು ಇಂಚು ದಪ್ಪದ ಮರದ ಕಡ್ಡಿ ಬಿಟ್ಟೂ ನೋಡಿ. ಅದೂ ಅಲ್ಲೇ ನಿಂತ್ರೆ ಲೋಡ್ ಆಗಿದೆ, ಅನುಮಾನ ಬೇಡ. ಬಾಯಿ ಎದುರು ಮುಖ ತರಬೇಡಿ, ಟಾರ್ಚ್ ಹಿಡಿಯೋದೆಲ್ಲ ಆಮೇಲೆ.

ಮಡಿಕೇರಿ_ಮಂಜು:
ನಮ್ಮಲ್ಲಿ ಚಕಮಕಿದು ಇಲ್ಲ, ಕೇಪಿನ ಕೋವಿ, ಆದ್ರೆ ಕರೀ ಮದ್ದಿನ ಗಲೀಜು ಎರಡಕ್ಕೂ ಒಂದೇ. ಉಳಿದ ಮಸಿ ಗಾಳಿಲಿರೋ ತೇವ ಎಳ್ಕೊಳ್ಳುತ್ತೆ, ನಮ್ಮ ಮಳೆಗಾಲದಲ್ಲಿ ಒಂದು ರಾತ್ರಿ ಹಂಗೇ ಬಿಟ್ರೆ ಬೆಳಿಗ್ಗೆಗೆ ನಳಿಗೆ ಕೆಂಪಗಿರುತ್ತೆ ಮಾರಾಯ್ರೆ. ಬರೀ ಎಣ್ಣೆ ಸವರಿದ್ರೆ ಮಸಿ ಹೋಗಲ್ಲ, ನೀರೇ ಬೇಕು. ಕೈಲ್ ಪೊಳ್ದ್‌ಗೆ ಕೋವಿ ಪೂಜೆಗೆ ಇಡೋ ಮುಂಚೆ ನಮ್ಮಪ್ಪ ಕುದಿಯೋ ನೀರು ಹುಯ್ದು ತೊಳೆದು, ನಳಿಗೆ ಬಿಸಿಯಾಗಿ ತಾನೇ ಒಣಗಿದ ಮೇಲೆ ಎಣ್ಣೆ ಬಟ್ಟೆ ಎಳೀತಿದ್ರು.

ಹಳೇ_ಲಾಕ್:
ನೀರು ಒಪ್ತೀನಿ ಮಂಜು ಅವ್ರೇ, ಕುದಿಯೋದು ಬೇಡ ಅಂತೀನಿ. ಅಷ್ಟು ಬಿಸಿಗೆ ಒಣಗ್ತಾ ಒಣಗ್ತಾನೇ ತೆಳ್ಳಗೆ ತುಕ್ಕು ಕೂರುತ್ತೆ, ಬಿಳೀ ಬಟ್ಟೆ ಎಳೆದ್ರೆ ಕಿತ್ತಳೆ ಬಣ್ಣ ಬರುತ್ತೆ ನೋಡಿ. ಉಗುರು ಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ಸೋಪು ಸಾಕು.

ಮಡಿಕೇರಿ_ಮಂಜು:
ಎಣ್ಣೆ ತಕ್ಷಣ ಹಾಕಿದ್ರೆ ಎಲ್ಲಿ ಬರುತ್ತೆ ತುಕ್ಕು. ಇರ್ಲಿ, ಅವ್ರವ್ರ ಮನೆ ಪದ್ಧತಿ.

ಪೆನ್_ಕನ್ನಡಿಗ:
ಅಳೆದೆ. ಗಜ ಟಚ್‌ಹೋಲ್‌ಗಿಂತ ಎರಡು ಇಂಚಿಗೂ ಜಾಸ್ತಿ ಮುಂದೇನೇ ನಿಂತಿದೆ, ಸಣ್ಣ ಕಡ್ಡಿನೂ ಅಲ್ಲೇ. ಮೆಲ್ಲಗೆ ಬಿಟ್ರೆ ಟಣ್ ಅನ್ನಲ್ಲ, ದಬ್ ಅಂತ ಮೆತ್ತಗೆ ಸದ್ದು. ಈಗ??

ಹಳೇ_ಲಾಕ್:
ಲೋಡ್ ಆಗಿದೆ. ಮೇಲಿರೋದು ಬಟ್ಟೆ ಸುತ್ತಿದ ಸೀಸದ ಗುಂಡು, ಕೆಳಗೆ ಮದ್ದು. ಹೊಡೆದು ಖಾಲಿ ಮಾಡೋ ಯೋಚನೆ ಬೇಡ, ಎಷ್ಟು ಮದ್ದು ಹಾಕಿದಾರೋ ಯಾವ ಮದ್ದೋ ಯಾರಿಗ್ ಗೊತ್ತು, ಅಕಸ್ಮಾತ್ ಸ್ಮೋಕ್‌ಲೆಸ್ (ಈಗಿನ ಗನ್‌ಗಳ ಜೋರು ಮದ್ದು) ಆಗಿದ್ರೆ ಬ್ಯಾರೆಲ್ಲೇ ಸಿಡಿಯುತ್ತೆ. ಡ್ರಿಲ್ ಬೇಡ, ಬ್ಯಾರೆಲ್ ಕಾಯಿಸೋದಂತೂ ಬೇಡವೇ ಬೇಡ. ಟಚ್‌ಹೋಲ್ ಕಡೆಯಿಂದ್ಲೂ ಬಾಯಿ ಕಡೆಯಿಂದ್ಲೂ ನೀರು ಬಿಟ್ಟು ರಾತ್ರಿಯೆಲ್ಲಾ ನೆನೆಹಾಕಿ ಮದ್ದು ಕೊಲ್ಲಿ, ಮರಕ್ಕೆ ನೀರು ಹೋಗದಂಗೆ ಎರಡು ಅಡ್ಡ ಬೆಣೆ ತೆಗೆದು ಬ್ಯಾರೆಲ್ ಬಿಚ್ಚಿಟ್ಕೊಳ್ಳಿ, ಹಿಂದೆ ಕೊಕ್ಕೆ ಇರೋದ್ರಿಂದ ಸಲೀಸಾಗಿ ಎದ್ದು ಬರುತ್ತೆ. ಆಮೇಲೆ ಗುಂಡು ಎಳೆಯೋ ಸ್ಕ್ರೂ ಸಿಗುತ್ತೆ, ಅದನ್ನ ಸ್ಟೀಲ್ ರಾಡ್‌ಗೆ ಹಾಕಿ ಸೀಸಕ್ಕೆ ತಿರುಗಿಸಿ ನೇರಕ್ಕೆ ಎಳೀರಿ, ಗನ್ ಜೊತೆ ಬಂದ ಮರದ ಗಜದಲ್ಲಿ ಎಳೆದ್ರೆ ಅದು ಮುರಿದು ಅಂಗೈಗೆ ಹೊಕ್ಕುತ್ತೆ. ಬರದಿದ್ರೆ ಟಚ್‌ಹೋಲ್ ಲೈನರ್ (ಆ ತೂತಿರೋ ಸಣ್ಣ ಸ್ಕ್ರೂ) ಬಿಚ್ಚಿ ಅದೇ ಥ್ರೆಡ್‌ನ ಗ್ರೀಸ್ ನಿಪ್ಪಲ್ ಹಾಕಿ ಗ್ರೀಸ್ ಗನ್‌ನಿಂದ ಒತ್ತಿದ್ರೆ ಗುಂಡು ನಿಧಾನಕ್ಕೆ ತಾನೇ ಮುಂದೆ ಬರುತ್ತೆ, ಕ್ಲೀನ್ ಮಾಡೋಷ್ಟರಲ್ಲಿ ಸಾಕಾಗುತ್ತೆ ಅಷ್ಟೇ. ಕೈ ನಡುಗ್ತಿದ್ರೆ ನಾಚ್ಕೋಬೇಡಿ, ಗನ್‌ಸ್ಮಿತ್ ಹತ್ರ ಲೋಡ್ ಆಗಿದೆ ಅಂತ ಮೊದ್ಲೇ ಫೋನಲ್ಲಿ ಹೇಳಿ ತಗೊಂಡ್ಹೋಗಿ.

ರೇಂಜ್_ರಾಯ:
ಗುಂಡು ಆಚೆ ಬಂದ್ಮೇಲೆ ನನ್ನ ಎರಡು ಮಾತು. ಹೊರಗಿನ ಕಂದು ಬಣ್ಣ ತಿಕ್ಕಬೇಡಿ, ನೀವು ತುಕ್ಕು ಅಂತಿರೋದ್ರಲ್ಲಿ ಅರ್ಧ ಹಳೇ ಫಿನಿಶ್ಶೇ ಇರ್ಬಹುದು, ಎಣ್ಣೆ ಜೊತೆ ತೀರಾ ನುಣುಪಾದ 0000 ಸ್ಟೀಲ್ ವುಲ್ ಸಾಕು. ಒಳಗೆ ಗುಳಿ ಬಿದ್ದಿದ್ರೂ ಎಸೀಬೇಡಿ, .490 ಇಂಚಿನ ಗುಂಡಿಗೆ .015 ಇಂಚು ದಪ್ಪದ ಹತ್ತಿ ಬಟ್ಟೆ ಸುತ್ತಿ 60 ಗ್ರೇನ್ ಮದ್ದಲ್ಲಿ ಹೊಡೆದು ನೆಲಕ್ಕೆ ಬಿದ್ದ ಬಟ್ಟೆ ಹೆಕ್ಕಿ ನೋಡಿ, ಅಂಚು ಮಾತ್ರ ಎಳೆ ಬಿಟ್ಟಿದ್ರೆ ಬ್ಯಾರೆಲ್ ಸರಿ ಇದೆ, ಬ್ಲೇಡಲ್ಲಿ ಕುಯ್ದಂಗೆ ಗೀರಿದ್ರೆ ಇನ್ನೂ ಒರಟಿದೆ. ಉದ್ದ ಗುಂಡಿಗೆ ದುಡ್ಡು ಹಾಕ್ಬೇಡಿ, ಈ ಬ್ಯಾರೆಲ್ ಒಳಗಿನ ಗೆರೆಗಳ ತಿರುವು 60 ಇಂಚಿಗೊಂದು ಸುತ್ತು, ದುಂಡು ಗುಂಡಿಗೇ ಮಾಡಿದ್ದು. ಮದ್ದು ಅಸಲಿ ಕರೀದೇ ಇರ್ಲಿ, ಪೈರೋಡೆಕ್ಸ್ ಥರದ ಬದಲಿ ಮದ್ದು ಚಕಮಕಿ ಕಿಡಿಗೆ ಸರಿಯಾಗಿ ಹೊತ್ಕೊಳ್ಳಲ್ಲ.

ಪೆನ್_ಕನ್ನಡಿಗ:
ಥ್ಯಾಂಕ್ಸ್ ಎಲ್ರಿಗೂ. ನೆನೆಸಿ ಸ್ಕ್ರೂ ಹಾಕಿ ಎಳೆದ್ವಿ, ಪಕ್ಕದ ಮನೆಯವ್ರೂ ಬಂದಿದ್ರು. ಗುಂಡು ಬಂತು, ಹಿಂದೆ ಇದ್ದಿಲು ಕೆಸರಿನಂಥ ಮದ್ದು. ಈಗ ಹೊಸ ಕಲ್ಲು ಹಾಕಿದೀನಿ, ಕಿಡಿ ಒಂದೋ ಎರಡೋ ಬರುತ್ತೆ ಅಷ್ಟೇ. ಫ್ರಿಜ್ಜನ್ ಹೋಗಿದ್ಯಾ?

ಹಳೇ_ಲಾಕ್:
ಫ್ರಿಜ್ಜನ್ ಮುಖದಲ್ಲಿ ಎಣ್ಣೆ ಇದ್ರೆ ಕಿಡಿ ಬರಲ್ಲ, ಆಲ್ಕೋಹಾಲ್ ಹಾಕಿ ಒರೆಸಿ. ಕಲ್ಲಿಗೆ ತೊಗಲು ಸುತ್ತಿದೀರಾ? ಹಾಫ್ ಕಾಕ್‌ನಲ್ಲಿ (ಹ್ಯಾಮರ್ ಅರ್ಧ ಎಳೆದು ನಿಲ್ಲಿಸಿದಾಗ) ಕಲ್ಲಿನ ಅಂಚು ಫ್ರಿಜ್ಜನ್‌ಗೆ ನೇರವಾಗಿ, ಕೂದಲೆಳೆ ದೂರದಲ್ಲಿ ಇರ್ಬೇಕು, ಒಂದು ಮೂಲೆ ಮಾತ್ರ ತಾಗ್ತಿದ್ರೆ ಅಷ್ಟೇ ಕಿಡಿ. ಹಂಗೇ ಹಾಫ್ ಕಾಕ್‌ನಲ್ಲಿಟ್ಟು ಟ್ರಿಗರ್ ಎಳೆದು ನೋಡಿ, ಹ್ಯಾಮರ್ ಬಿದ್ರೆ ಆ ಲಾಕ್ ರಿಪೇರಿ ಆಗೋವರೆಗೂ ಲೋಡ್ ಮಾಡ್ಬೇಡಿ. ಇಷ್ಟಾದ್ರೂ ಕಿಡಿ ಬರದಿದ್ರೆ ಫ್ರಿಜ್ಜನ್ ಕೆಳಗಿನ ಮೂಲೆಗೆ ಸಣ್ಣ ಅರ ಎಳೀರಿ, ಜಾರಿದ್ರೆ ಗಟ್ಟಿ ಇದೆ, ಕಚ್ಚಿದ್ರೆ ಮೆತ್ತಗಾಗಿದೆ, ಮತ್ತೆ ಹದ ಹಾಕಿಸ್ಬೇಕು ಇಲ್ಲಾ ಹೊಸದು ಕೂರಿಸ್ಬೇಕು. ಯಾವ್ದಾಯ್ತು ಅಂತ ಇಲ್ಲೇ ಹಾಕಿ.